ಅಂಪಾರೊ ಬಾಗಿಲು ತೆಗೆದರೆ

ರೊಸೆಂದೊಗೆ ಲಕ್ವ ಹೊಡೆದಿದೆ ಎಂಬ ಸುದ್ದಿ ಬಂದಾಗ ಅವನ ಹೆಂಡತಿ ಕೂಕಾ ಮಧ್ಯಾಹ್ನದ ಸಾರಿಗೆ ಶಾವಿಗೆ ಹುರಿಯುತ್ತಿದ್ದಳು. ಫೋನ್ ತೆಗೆದುಕೊಂಡಿದ್ದು ಅತ್ತೆ ಎರ್ಮೆಲಿಂದಾ. ಮುದುಕಿ ಎರಡು ಸಲ "ಹಾಂ, ಹಾಂ" ಎಂದು, ಗೋಡೆ ಹಿಡಿದುಕೊಂಡು ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟಳು. ಕೂಕಾ ಒಲೆ ಆರಿಸಲಿಲ್ಲ. ಶಾವಿಗೆ ಸ್ವಲ್ಪ ಹೆಚ್ಚು ಕೆಂಪಾದರೂ ಸಾರು ಕಹಿಯಾಗುತ್ತದೆ, ಮುಂದಿನ ಕೋಣೆಯಲ್ಲಿ ಊಟಕ್ಕೆ ಬರುವವರು ಆಗಲೇ ಕುರ್ಚಿ ಎಳೆಯುತ್ತಿದ್ದರು. ಟೊಮೇಟೊ ರಸ ಸುರಿದು, ಮುಚ್ಚಳ ಮುಚ್ಚಿ, ಆಮೇಲೆ ಅತ್ತೆಯ ಕೈಗೆ ಒಂದು ಲೋಟ ನೀರು ಕೊಟ್ಟಳು.

"ಬಲಗೈ ಎತ್ತೋಕಾಗ್ತಿಲ್ಲವಂತೆ. ಮಾತೂ ತೊದಲ್ತಾನಂತೆ. ಆ ಹಾಳಾದವಳು ಬಿಟ್ಟು ತಂಗಿ ಮನೆಗೆ ಹೋಗಿ ಎಷ್ಟೋ ದಿನ ಆಯ್ತಂತೆ. ತೊಲೂಕಾದಲ್ಲಿ ಒಂದು ಬಾಡಿಗೆ ರೂಮಲ್ಲಿ ಒಬ್ಬನೇ ಬಿದ್ದಿದಾನೆ ಕಣೆ ಕೂಕಾ."

"ಫೋನ್ ಮಾಡಿದ್ದು ಯಾರು?"

"ರೂಮಿನ ಓನರಮ್ಮ. ದಿನಾ ಬೆಳಿಗ್ಗೆ ಜೋಳದ ಗಂಜಿ ಕೊಡ್ತಿದಾಳಂತೆ."

"ಹಾಗಾದ್ರೆ ಸದ್ಯಕ್ಕೆ ಹೊಟ್ಟೆಗೆ ತೊಂದರೆ ಇಲ್ಲ," ಎಂದು ಕೂಕಾ ತಟ್ಟೆಗಳನ್ನು ಹೊರಗೆ ಒಯ್ದಳು.

ಅವಳಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಅವಳಿಗೂ ಗೊತ್ತಿತ್ತು. ಸಿಟ್ಟು ಬರಬಹುದಿತ್ತು, ಅಯ್ಯೋ ಪಾಪ ಅನ್ನಿಸಬಹುದಿತ್ತು, ಕೊನೆಗೆ ಆಗಬೇಕಾದ್ದೇ ಆಯಿತು ಎಂದು ಒಳಗೊಳಗೇ ನಗಬಹುದಿತ್ತು. ಇದ್ಯಾವುದೂ ಬರಲಿಲ್ಲ. ಕೆಂಪನ್ನ ಬಡಿಸಿದಳು, ಎಳೆಯ ಪಾಪಾಸುಕಳ್ಳಿಯ ಪಲ್ಯ ಬಡಿಸಿದಳು, ಖಾರ ಸಾಲದು ಎಂದವರ ಮುಂದೆ ಮೆಣಸಿನಕಾಯಿ ಬಟ್ಟಲಿಟ್ಟಳು.

ರೊಸೆಂದೊ ಮನೆ ಬಿಟ್ಟು ಹೋಗಿ ಹನ್ನೊಂದು ವರ್ಷವಾಗಿತ್ತು. ಹೋದ ದಿನ ಪೋರ್ತಾಲೆಸ್ ಬಡಾವಣೆಯ ಆ ಬೀದಿಯ ಜನರೆಲ್ಲ ಇನ್ನೇನು ಅತ್ತೆ ಸೊಸೆಗೆ ಜಡೆ ಜಗಳ ಹತ್ತುತ್ತದೆ ಎಂದು ಕಿಟಕಿ ತೆರೆದುಕೊಂಡು ಕಾದಿದ್ದರು. ಮನೆ ಕೂಕಾಳದು, ಅವಳ ಸೋದರತ್ತೆ ಬರೆದುಕೊಟ್ಟದ್ದು. ಮಗನೇ ಇಲ್ಲದ ಮೇಲೆ ಮುದುಕಿಗೆ ಅಲ್ಲೇನು ಕೆಲಸ? ಆದರೆ ಎರ್ಮೆಲಿಂದಾ ಅಂದು ಅಡುಗೆಮನೆಯಲ್ಲೇ ಇದ್ದಳು. "ನಾನೆಲ್ಲಿಗೆ ಹೋಗ್ಲಿ? ಒಲೆ ಮೇಲೆ ಕಾಳು ಕುದೀತಿದೆ," ಎಂದಳು. ಅಷ್ಟೇ ಮಾತು. ಆಮೇಲೆ ಇಬ್ಬರೂ ಸೇರಿ ಮುಂದಿನ ಕೋಣೆಯಲ್ಲಿ ನಾಲ್ಕು ಮೇಜು ಹಾಕಿ ಮಧ್ಯಾಹ್ನದ ಊಟ ಮಾರತೊಡಗಿದರು. ಕಾಳು ಆರಿಸುವುದು, ಮೆಣಸಿನಕಾಯಿ ತೊಟ್ಟು ಬಿಡಿಸುವುದು ಅತ್ತೆಯ ಕೆಲಸ. ಉಳಿದದ್ದೆಲ್ಲ ಕೂಕಾಳದು.

ರಾತ್ರಿ ಎಂಟಕ್ಕೆ ಮೇಜು ಒರೆಸಿ, ಚಕ್ಕೆ, ಬೆಲ್ಲ ಹಾಕಿ ಕುದಿಸಿದ ಕಾಫಿ, ಸಿಹಿಬ್ರೆಡ್ ಇಟ್ಟುಕೊಂಡು ಇಬ್ಬರೂ ಟೀವಿ ಮುಂದೆ ಕೂರುತ್ತಿದ್ದರು. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ರೊಸೆಂದೊ ಕೂಡಿಕೊಂಡ ತೊಲೂಕಾದವಳನ್ನು ಬೈಯುವುದು ರೂಢಿ. ಅವಳ ಹೆಸರನ್ನು ಆ ಮನೆಯಲ್ಲಿ ಯಾರೂ ಒಮ್ಮೆಯೂ ಎತ್ತಿದ್ದಿಲ್ಲ. ರೊಸೆಂದೊನನ್ನು ಯಾರೂ ಬೈದದ್ದೂ ಇಲ್ಲ. ಮದ್ದು ಹಾಕಿದಳು, ಮಾತಿನಲ್ಲಿ ಕಟ್ಟಿಹಾಕಿದಳು, ಮಾಟಗಾತಿ ಎಂದು ಮುದುಕಿ ಶುರುಮಾಡುವಳು, ಕೂಕಾ ಹೂಂಗುಟ್ಟುವಳು. ಹಾಗೆ ಹೂಂಗುಟ್ಟುತ್ತಲೇ ಹನ್ನೊಂದು ವರ್ಷ ಕಳೆದಿತ್ತು.

ಅಂದು ರಾತ್ರಿ ಮಗಳು ಬ್ರಿಸೇಯ್ದಾ ಕೆಲಸದಿಂದ ಬಂದು ಚಪ್ಪಲಿ ಕಳಚುವ ಮೊದಲೇ ಅಜ್ಜಿ ಮಾತೆತ್ತಿದಳು.

"ನಿಮ್ಮಪ್ಪನ್ನ ಇಲ್ಲಿಗೆ ಕರ್ಕೊಂಡು ಬರಬೇಕು."

"ಇಲ್ಲಿಗೆ ಅಂದ್ರೆ ಎಲ್ಲಿಗೆ?"

"ಮೇಲಿನ ರೂಮಿಗೆ. ಇಸ್ತ್ರಿ ಮೇಜು ಇದೆಯಲ್ಲ, ಅದನ್ನ ಆಚೆ ಇಟ್ರೆ ಮಂಚ ಹಿಡಿಯುತ್ತೆ."

"ಮಂಚ ಹಿಡಿಯುತ್ತೆ ಅಜ್ಜಿ, ಸರಿ. ಅವರಿಗೆ ಸ್ನಾನ ಮಾಡಿಸೋರ್ಯಾರು? ಬಾಯಿಗೆ ಅನ್ನ ಇಡೋರ್ಯಾರು? ನಿಮಗೆ ಮೆಟ್ಟಿಲು ಹತ್ತೋಕೇ ಆಗಲ್ಲ. ನಾನು ಬೆಳಿಗ್ಗೆ ಹೋದ್ರೆ ಬರೋದು ಈ ಹೊತ್ತಿಗೆ."

ಮುದುಕಿಯ ಕಣ್ಣು ಸೊಸೆಯ ಕಡೆ ಹೋಯಿತು. ಮೂವರಿಗೂ ಉತ್ತರ ಗೊತ್ತಿತ್ತು. ಕೂಕಾ ಪಾತ್ರೆ ತೊಳೆಯುತ್ತಿದ್ದಳು, ಈ ಕಡೆ ತಿರುಗಿರಲಿಲ್ಲ.

"ಅಮ್ಮಾ, ನೀನೇನಾದ್ರೂ ಹೇಳು."

"ಕಾಳು ತಣ್ಣಗಾಗ್ತಿದೆ. ಊಟಕ್ಕೆ ಬಾ."

ಬ್ರಿಸೇಯ್ದಾ ನಗರದ ದಕ್ಷಿಣದ ಒಂದು ಟೀವಿ ಸ್ಟುಡಿಯೊದಲ್ಲಿ ಉಡುಪಿನ ವಿಭಾಗದವಳು. ಗುಂಡಿ ಹೊಲಿಯುವುದು, ಇಸ್ತ್ರಿ ಹಾಕುವುದು, ಯಾವ ದೃಶ್ಯಕ್ಕೆ ಯಾವ ಅಂಗಿ ಎಂದು ನೋಡಿಕೊಳ್ಳುವುದು. ಆ ವರ್ಷ ಅವಳು ಕೆಲಸ ಮಾಡುತ್ತಿದ್ದ ಧಾರಾವಾಹಿ ಬೇರೆ ಯಾವುದೂ ಅಲ್ಲ, ರೊಸೆಂದೊ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಇಡೀ ದೇಶವನ್ನು ಅಳಿಸಿದ್ದ ಅಂಪಾರೊ ಕಥೆ. ಅದನ್ನೇ ಹೊಸ ನಟರನ್ನು ಹಾಕಿ, ಹೊಸದಾಗಿ ಬರೆಸಿ ತೆಗೆಯುತ್ತಿದ್ದರು. ಎಂಟು ಗಂಟೆಗೆ ಬರುತ್ತಿದ್ದುದೂ ಅದೇ.

ಹಳೆಯದು ಎರ್ಮೆಲಿಂದಾಗೆ ಬಾಯಿಪಾಠ. ಅದರಲ್ಲಿ ಅಂಪಾರೊ ತಲೆ ತುಂಬ ಶಾಲು ಹೊದ್ದು, ಗಂಡ ಆರ್ನುಲ್ಫೊ ಏನು ಮಾಡಿದರೂ ಮೇರಿ ಮಾತೆಯ ಮುಂದೆ ಮೊಣಕಾಲೂರಿ ಕಣ್ಣೀರಿಡುವವಳು. ಗಂಡನನ್ನು ಕಸಿದುಕೊಂಡ ರೆಹೀನಾಗೆ ರಕ್ತಗೆಂಪು ಉಗುರು, ಒಂದೇ ಹುಬ್ಬು ಮೇಲೆತ್ತುವ ನಗು. ಅತ್ತೆ ಲೆಯೊಕಾದಿಯಾ ಕಪ್ಪು ಬಟ್ಟೆ ತೊಟ್ಟು, ಬೆತ್ತ ಕುಟ್ಟುತ್ತ ಮೆಟ್ಟಿಲಿಳಿದು ಬಂದರೆ ಬೀದಿಯ ಮಕ್ಕಳು ಮಂಚದ ಕೆಳಗೆ ಸೇರುತ್ತಿದ್ದರಂತೆ. ಹೊಸದರಲ್ಲಿ ಅಂಪಾರೊ ಪ್ಯಾಂಟು ತೊಟ್ಟು ಬ್ರೆಡ್ಡಿನ ವ್ಯಾನು ಓಡಿಸುತ್ತಾಳೆ. ರೆಹೀನಾಗೆ ಮಾಸಿದ ಸ್ವೆಟರು, ಉಬ್ಬಸದ ಮಗು. ಅತ್ತೆ ಲೆಯೊಕಾದಿಯಾ ವಾರಕ್ಕೆರಡು ದಿನ ಈಜು ಕಲಿಯಲು ಹೋಗುತ್ತಾಳೆ.

"ಇದೇನೇ ಇದು? ಕೆಟ್ಟವಳು ಬಂದಾಗ ಢಂ ಅಂತ ಬಾಜಾ ಬಾರಿಸಬೇಕು. ಆಗ ನಾವು ರೆಡಿಯಾಗ್ತಿದ್ವಿ. ಇವಳು ಬಂದ್ರೆ ಯಾರೋ ಹಾಲಿನವಳು ಬಂದ ಹಾಗಿದೆ," ಎಂದು ಅಜ್ಜಿ ಗೊಣಗುವಳು.

"ಈಗ ಹಂಗೆ ಬರೆಯಲ್ಲ ಅಜ್ಜಿ. ಪೂರ್ತಿ ಕೆಟ್ಟೋರು ಅಂತ ಯಾರೂ ಇರಲ್ಲ. ಕೆಂಪು ಉಗುರಿನ ಬಣ್ಣ ಕೇಳಿದ್ದಕ್ಕೆ ನಮ್ಮ ಮೇಡಂ ನನ್ನನ್ನೇ ಬೈದ್ರು. ರೆಹೀನಾ ಕೈಯಲ್ಲಿ ಪಾತ್ರೆ ತೊಳೆದ ಗುರುತು ಕಾಣಬೇಕಂತೆ."

"ಹಾಗಾದ್ರೆ ನಾವು ಯಾರನ್ನ ಬೈಯೋದು?"

"ಯಾರನ್ನೂ ಬೈಬೇಡಿ."

"ಮತ್ತೆ ನೋಡೋದ್ಯಾಕೆ?"

ಬೈಯುತ್ತ ಬೈಯುತ್ತಲೇ ಮುದುಕಿ ಒಂದು ಕಂತೂ ಬಿಡುತ್ತಿರಲಿಲ್ಲ. ಬ್ರೆಡ್ಡು ಕಾಫಿಯಲ್ಲಿ ಮುಳುಗಿ ಮೆತ್ತಗಾಗಿ ಬಿದ್ದುಹೋದರೂ ಗಮನವಿಲ್ಲ.

ತೊಲೂಕಾದಿಂದ ಎರಡು ದಿನಕ್ಕೊಮ್ಮೆ ಫೋನ್ ಬರತೊಡಗಿತು. ಓನರಮ್ಮನಿಗೂ ಸಾಕಾಗಿತ್ತು. ಒಂದು ಸಲ ರೊಸೆಂದೊನ ಕೈಗೇ ಫೋನ್ ಕೊಟ್ಟಳು. ಮುದುಕಿ ಕೇಳಿ, ಮಾತಾಡಲಾಗದೆ ಕೂಕಾಳ ಕಿವಿಗೆ ಹಿಡಿದಳು. ಆ ಕಡೆಯಿಂದ ಬಾಯೊಳಗೆ ಬಟ್ಟೆ ತುರುಕಿಕೊಂಡು ಮಾತಾಡಿದಂಥ ಸದ್ದು. ಅದರಲ್ಲಿ ತನ್ನ ಹೆಸರೂ ಇತ್ತು ಎಂದು ಕೂಕಾಗೆ ಅನ್ನಿಸಿತು. ಇಲ್ಲದೆಯೂ ಇರಬಹುದು. "ಔಷಧಿ ಸರಿಯಾಗಿ ತಗೊಳ್ಳಿ," ಎಂದು ಫೋನ್ ವಾಪಸು ಕೊಟ್ಟಳು. ಹಾಗೇ ಹೋಗಿ ಒಲೆಯ ಮೇಲಿನ ಕಾಳು ತಿರುವಿದಳು. ಅದಕ್ಕೆ ಅವಳಿಗೇ ಸ್ವಲ್ಪ ಭಯವಾಯಿತು.

ಮನೆಯಲ್ಲಿ ಅದೇ ಮಾತು ದಿನಾ ಸುತ್ತತೊಡಗಿತು. ಜೋಳದ ತೊರ್ತಿಯಾ ರೊಟ್ಟಿ ತಟ್ಟುವಾಗ, ಬಟ್ಟೆ ಒಣಹಾಕುವಾಗ, ಸಂತೆಯಿಂದ ಚೀಲ ಹೊತ್ತು ಬರುವಾಗ. "ಎಷ್ಟಾದ್ರೂ ನಿನ್ನ ಮಗಳ ತಂದೆ" ಎಂದು ಅತ್ತೆ. "ಎಷ್ಟಾದ್ರೂ ನಿಮ್ಮ ಮಗ" ಎಂದು ಬ್ರಿಸೇಯ್ದಾ. ಕೂಕಾ ತನ್ನ ಮನಸ್ಸನ್ನು ತಾನೇ ಕೇಳಿ ನೋಡಿದಳು. ಬೇಕೋ, ಬೇಡವೋ? ಒಳಗಿಂದ ಯಾರೂ ಓಗೊಡಲಿಲ್ಲ. ಬೇರೆ ಯಾರಾದರೂ ತೀರ್ಮಾನ ಮಾಡಿ ಹೇಳಿದರೆ ಸಾಕು, ಹಾಗೇ ಮಾಡಿ ಮುಗಿಸೋಣ ಅನ್ನಿಸತೊಡಗಿತು.

ಒಂದು ರಾತ್ರಿ ಟೀವಿಯಲ್ಲಿ ಆರ್ನುಲ್ಫೊಗೆ ಕೆಲಸ ಹೋಯಿತು, ಕಾಯಿಲೆ ಹಿಡಿಯಿತು. ಎರ್ಮೆಲಿಂದಾ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು.

"ಬಂತು ನೋಡು. ಇನ್ನು ಅವನು ವಾಪಸು ಬರ್ತಾನೆ. ಕೊನೇ ಕಂತು, ಜಡಿಮಳೆ. ಬಾಗಿಲು ತಟ್ತಾನೆ. ಅಂಪಾರೊ ತೆಗೀತಾಳೆ, ಬಿಸಿನೀರು ತಂದು ಕಾಲು ತೊಳೀತಾಳೆ. ನಮ್ಮ ಬೀದೀಲಿ ಅವತ್ತು ಒಂದು ಗಂಡಸೂ ಅಳದೇ ಇರಲಿಲ್ಲ."

"ನೀವು ನೋಡಿದ್ದು ಹಳೇದು ಅತ್ತೆ."

"ಬಟ್ಟೆ ಬದಲಾಯಿಸಬಹುದು ಕಣೆ. ವ್ಯಾನು ಓಡಿಸಲಿ, ವಿಮಾನ ಓಡಿಸಲಿ. ಕಥೆ ಎಲ್ಲಿಗೆ ಹೋಗುತ್ತೆ? ಹೆಂಡತಿ ಅಂದ್ಮೇಲೆ ಹೆಂಡತಿ."

ಕೂಕಾ ಬ್ರೆಡ್ಡಿನ ಚೂರನ್ನು ಕಾಫಿಗೆ ಅದ್ದಿದಳು, ತಿಂದಳು.

"ಆಯ್ತು. ಅಂಪಾರೊ ಬಾಗಿಲು ತೆಗೆದ್ರೆ ನಾನೂ ತೆಗೀತೀನಿ. ಅವಳು ತೆಗೀಲಿಲ್ಲ ಅಂದ್ರೆ ನೀವು ಮತ್ತೆ ಈ ಮಾತು ಎತ್ತಬಾರದು."

"ಅಮ್ಮಾ!" ಬ್ರಿಸೇಯ್ದಾಗೆ ಕಾಫಿ ನೆತ್ತಿಗೇರಿತು. "ನಿಂಗೇನು ತಲೆ ಕೆಟ್ಟಿದೆಯಾ? ಅದನ್ನ ಯಾರೋ ಐದು ಜನ ಒಂದು ರೂಮಲ್ಲಿ ಕೂತು, ಪಿಜ್ಜಾ ತಿಂತಾ ಬರೀತಾರೆ. ನಾನೇ ಕಣ್ಣಾರೆ ನೋಡಿದೀನಿ."

"ಬರೀಲಿ. ನಂಗೆ ಬರೆಯೋಕೆ ಬರಲ್ಲ."

"ಆಣೆ?" ಎಂದಳು ಮುದುಕಿ.

"ಆಣೆ."

ಮಾರನೆಯ ಭಾನುವಾರ ಚರ್ಚಿನಲ್ಲಿ ಬಲಿಪೂಜೆಗೆ ಮುನ್ನ ಕೋರಿಕೆಗಳನ್ನು ಓದುವ ಹೊತ್ತು. ಯಾರದೋ ತಾಯಿಯ ಆತ್ಮಶಾಂತಿಗೆ, ಯಾರದೋ ಮಗನ ಪರೀಕ್ಷೆಗೆ ಎಂದು ಹೊಸದಾಗಿ ಬಂದ ಎಳೆಯ ಪಾದ್ರಿ ಒಂದೊಂದೇ ಚೀಟಿ ಓದುತ್ತಿದ್ದ. ಪಾಪ, ಆತನ ವಸತಿಯಲ್ಲಿ ಟೀವಿ ಇರಲಿಲ್ಲ. "ರೊಸೆಂದೊ ಬಾರ್ರಿಯೆಂತೊಸ್ ಅವರ ಆರೋಗ್ಯಕ್ಕಾಗಿ," ಎಂದು ಓದಿದ. "ಶ್ರೀಮತಿ ಅಂಪಾರೊ ವಿಯಾಲ್ಪಾಂದೊ ಅವರ ಕಲ್ಲು ಮನಸ್ಸು ಕರಗಲೆಂದು, ಅವರು ತಮ್ಮ ಗಂಡನನ್ನು ಕ್ಷಮಿಸಿ ಮನೆಗೆ ಸೇರಿಸಿಕೊಳ್ಳಲೆಂದು."

ಬೆಂಚುಗಳಲ್ಲಿ ತಲೆಗಳು ತಿರುಗಿದವು. ಆಮೇಲೆ ಹೆಂಗಸರ ಸಾಲಿನಿಂದ, ಅದಕ್ಕೂ ಮೊದಲಿನ ಯಾವ ಕೋರಿಕೆಗೂ ಬರದಷ್ಟು ಗಟ್ಟಿಯಾಗಿ, "ಪ್ರಭುವೇ, ನಮ್ಮ ಮೊರೆ ಕೇಳು" ಎಂದು ದನಿ ಎದ್ದಿತು. ಎರ್ಮೆಲಿಂದಾ ತಲೆ ತಗ್ಗಿಸಿ ಜಪಮಣಿ ಎಣಿಸುತ್ತಿದ್ದಳು. ಕೂಕಾಳ ಬಾಯಿಯೂ ರೂಢಿಯಂತೆ ಎಲ್ಲರ ಜೊತೆ ಮೊರೆ ಕೇಳು ಎಂದುಬಿಟ್ಟಿತ್ತು. ತನ್ನ ವಿರುದ್ಧವೇ ತಾನು ಪ್ರಾರ್ಥಿಸಿದ್ದು ಅವಳಿಗೆ ಹೊಳೆದದ್ದು ಮನೆಗೆ ಬಂದು ಈರುಳ್ಳಿ ಹೆಚ್ಚುವಾಗ.

ಸೋಮವಾರ ಊಟದ ಕೋಣೆಯಲ್ಲಿ ಅದೇ ಗಲಾಟೆ. ನಿವೃತ್ತ ಅಂಚೆಯಣ್ಣ ದೊನ್ ಎಲೀಸೆಯೊ ಸಾರು ಹೀರುತ್ತ, "ನಾನು ಮೊರೆ ಕೇಳು ಅನ್ನಲಿಲ್ಲ ದೊನ್ಯಾ ಎರ್ಮೆಲಿಂದಾ. ಆ ಆರ್ನುಲ್ಫೊನ್ನ ಸೇರಿಸಬಾರದು," ಎಂದ.

"ಗಂಡಸಾಗಿ ನೀವೇ ಹೀಗಂದ್ರೆ ಹೆಂಗೆ?"

"ಗಂಡಸಾಗಿದ್ದಕ್ಕೇ ಅಂದಿದ್ದು. ನಮ್ಮ ಬುದ್ಧಿ ನಮಗೆ ಗೊತ್ತಿಲ್ವಾ?"

ಎಲ್ಲರೂ ನಕ್ಕರು. ಪಂದ್ಯದ ವಿಷಯ ಅವರ್ಯಾರಿಗೂ ಗೊತ್ತಿರಲಿಲ್ಲ. ಕೂಕಾ ಅವನ ತಟ್ಟೆಗೆ ಇನ್ನೊಂದು ಸೌಟು ಕಾಳು ಹಾಕಿದಳು.

ಕೊನೆಯ ಕಂತುಗಳು ಹತ್ತಿರವಾದಂತೆ ಅಜ್ಜಿ ಮೊಮ್ಮಗಳ ಹಿಂದೆ ಬಿದ್ದಳು. ಬ್ರಿಸೇಯ್ದಾ ಗುಟ್ಟು ಬಿಡಬಾರದು ಎಂದು ಸ್ಟುಡಿಯೊದವರು ಸಹಿ ಹಾಕಿಸಿಕೊಂಡಿದ್ದರು.

"ಕಥೆ ಹೇಳಬೇಡ. ಬಟ್ಟೆ ಹೇಳು. ಕೊನೇ ಕಂತಿಗೆ ಅಂಪಾರೊಗೆ ಯಾವ ಬಟ್ಟೆ ಇಸ್ತ್ರಿ ಮಾಡಿದೆ?"

"ಅಜ್ಜಿ, ಕೆಲಸ ಹೋಗುತ್ತೆ."

"ಬಿಳಿ ಬಟ್ಟೆನಾ? ಹಳೇದರಲ್ಲಿ ಬಿಳೀದು ಹಾಕಿದ್ಲು, ಕ್ಷಮಿಸೋವಾಗ."

ಬ್ರಿಸೇಯ್ದಾ ತಾಯಿಯ ಕಡೆ ನೋಡಿದಳು. ಕೂಕಾ ಜೋಳದ ಹಿಟ್ಟು ನಾದುತ್ತಿದ್ದಳು.

"ಎರಡು ಬಟ್ಟೆ ಇಸ್ತ್ರಿ ಮಾಡಿದೀನಿ," ಎಂದಳು ಹುಡುಗಿ ಕೊನೆಗೆ. "ಎರಡನ್ನೂ ಹಾಕ್ಕೊಂಡು ಎರಡು ಥರ ನಟಿಸಿದ್ರು. ಯಾವುದನ್ನ ಹಾಕ್ತಾರೆ ಅಂತ ನಟಿಗೇ ಗೊತ್ತಿಲ್ಲ. ಇನ್ನು ನನ್ನ ಕೇಳಬೇಡಿ."

ಮುದುಕಿ ಆಮೇಲೆ ಕೇಳಲಿಲ್ಲ. ಆದರೆ ಆ ವಾರ ಅವಳಲ್ಲಿ ಬೇರೆ ಏನೋ ಬದಲಾಯಿತು. ಒಂದು ಕಂತಿನಲ್ಲಿ ರೆಹೀನಾ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದಳು. ಆರ್ನುಲ್ಫೊ ಕುಡಿದು ಮನೆಯಲ್ಲಿ ಮಲಗಿದ್ದ. ಅವಳು ನರ್ಸಿಗೆ, "ಮಗೂನ ಅಪ್ಪ ತನಗೆ ಹೆಂಡತಿ ಇದಾಳೆ ಅಂತ ನಂಗೆ ಹೇಳಿರಲೇ ಇಲ್ಲ," ಎಂದಳು. ಅಷ್ಟೇ. ಬಾಜಾ ಇಲ್ಲ, ಅಳು ಇಲ್ಲ. ಜಾಹೀರಾತು ಬಂತು. ಅದು ತೊಲೂಕಾದವಳನ್ನು ಬೈಯುವ ಸಮಯ. ಕೂಕಾ ಕಾದಳು. ಎರ್ಮೆಲಿಂದಾ ತನ್ನ ಅಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಕಾಫಿಗೆ ಬೆಲ್ಲ ಕಮ್ಮಿಯಾಗಿದೆ," ಎಂದಳು. ಕಮ್ಮಿಯಾಗಿರಲಿಲ್ಲ.

ಭಾನುವಾರ ಮುಕ್ತಾಯ. ಬೀದಿಯ ಅರ್ಧ ಜನ ಊಟದ ಕೋಣೆಗೆ ಬಂದು ತುಂಬಿಕೊಂಡರು. ದೊನ್ ಎಲೀಸೆಯೊ ಮನೆಯಿಂದ ಕುರ್ಚಿಯನ್ನೇ ಹೊತ್ತು ತಂದಿದ್ದ. ಕೂಕಾ ಎಲ್ಲರಿಗೂ ಹುರಿದ ಕಡಲೆ, ನಿಂಬೆ ಹಿಂಡಿದ ಸೌತೆಕಾಯಿ ಕೊಟ್ಟು, ತಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮಳೆ ಬಂತು. ಆರ್ನುಲ್ಫೊ ಬಂದ. ಬಾಗಿಲು ತಟ್ಟಿದ. ಒಳಗೆ ಅಂಪಾರೊ, ಕಡುನೀಲಿ ಅಂಗಿ, ಕೈಗೆ ಹಿಟ್ಟು. ಅವಳು ಬಾಗಿಲ ಹತ್ತಿರ ಬಂದಳು. ಚಿಲಕದ ಮೇಲೆ ಕೈ ಇಟ್ಟಳು. ಕೋಣೆಯಲ್ಲಿ ಯಾರೂ ಕಡಲೆ ಅಗಿಯಲಿಲ್ಲ. ಅಂಪಾರೊ ಕೈ ತೆಗೆದು, ದೀಪ ಆರಿಸಿ, ಹಿಂದಿನ ಬಾಗಿಲಿನಿಂದ ವ್ಯಾನಿಗೆ ಬ್ರೆಡ್ಡು ತುಂಬಲು ಹೋದಳು.

"ಭೇಷ್!" ಎಂದು ಕೂಗಿದ ದೊನ್ ಎಲೀಸೆಯೊ. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಛೀ ಎಂದರು. ಇಬ್ಬರು ಹೆಂಗಸರಿಗೆ ಅಲ್ಲೇ ಜಗಳವಾಯಿತು. ಎರ್ಮೆಲಿಂದಾ ಎದ್ದು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಕೂಕಾ ತಾನು ಗೆದ್ದೆ ಎಂದುಕೊಂಡಳು. ಗೆದ್ದರೂ ಏನೂ ಅನ್ನಿಸಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಜನ ಕೇಳಿದರು ಎಂದು ಸೋಮವಾರ ಅದೇ ಹೊತ್ತಿಗೆ ಚಾನೆಲ್ಲಿನವರು ಇನ್ನೊಂದು ಮುಕ್ತಾಯವನ್ನೂ ಹಾಕಿದರು. ಈ ಸಲ ಮನೆಯವರು ಮೂವರೇ. ಅದೇ ಮಳೆ, ಅದೇ ಆರ್ನುಲ್ಫೊ. ಒಳಗೆ ಅಂಪಾರೊ, ಬಿಳಿ ಅಂಗಿ. ಬಾಗಿಲು ತೆರೆದಳು. ಬಿಸಿನೀರು ತಂದಳು.

ಬ್ರಿಸೇಯ್ದಾ ಟೀವಿ ಆರಿಸಿದಳು. "ಇದು ಲೆಕ್ಕಕ್ಕಿಲ್ಲ. ನಿನ್ನೆದೇ ನಿಜವಾದ್ದು. ಅಜ್ಜಿ, ಇದನ್ನ ಹಿಡ್ಕೊಂಡು ಅಮ್ಮನ್ನ ಪೀಡಿಸಿದ್ರೆ ನಾನು ಸುಮ್ಮನಿರಲ್ಲ."

"ಪೀಡಿಸ್ತೀನಿ ಅಂತ ನಾನು ಅಂದ್ನಾ?"

"ಅತ್ತೆ," ಎಂದಳು ಕೂಕಾ. "ಬೇಕಾದ್ರೆ ಕರ್ಕೊಂಡು ಬನ್ನಿ. ನಂಗೆ ಯಾವುದಾದ್ರೂ ಒಂದೇ."

ಮುದುಕಿ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು.

"ಅದಕ್ಕೇ ಬೇಡ," ಎಂದಳು. "ಬೇಡ ಅಂತ ನೀನು ಕೂಗಾಡಿದ್ರೆ ನಾನೂ ಕೂಗಾಡಿ ಕರ್ಕೊಂಡು ಬರ್ತಿದ್ದೆ. ಯಾವುದಾದ್ರೂ ಒಂದೇ ಅನ್ನೋಳ ಕೈಗೆ ಅವನನ್ನ ಕೊಟ್ರೆ ನಿನ್ನನ್ನೂ ಕೊಂದ ಹಾಗೆ, ಅವನನ್ನೂ ಕೊಂದ ಹಾಗೆ."

ಮುದುಕಿ ತಣ್ಣಗಾದ ಕಾಫಿ ಲೋಟವನ್ನು ಆಚೆ ಸರಿಸಿದಳು. ಆಮೇಲೆ ಅವಳೇ ಮುಂದುವರಿಸಿದಳು.

"ಇಷ್ಟು ವರ್ಷ ಆ ಹೆಂಗಸನ್ನ ಬೈದೆ. ಅವಳು ಎಲ್ಲಿದ್ದಳೋ, ಇವನು ಅವಳಿಗೆ ಏನು ಸುಳ್ಳು ಹೇಳಿದ್ದನೋ. ನಿನ್ನ ಬಿಟ್ಟು ಹೋಗಿದ್ದು ಅವಳಲ್ಲ ಕಣೆ ಕೂಕಾ. ನನ್ನ ಮಗ. ನಾನು ಹೆತ್ತವನು." ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡಳು. "ಇನ್ನೊಂದು ನೋಡಿದ್ಯಾ? ಎರಡು ಮುಕ್ತಾಯ ಮಾಡಿದ್ರು. ಎರಡರಲ್ಲೂ ಆ ಆರ್ನುಲ್ಫೊನ ತಾಯಿ ಎಲ್ಲಿ? ಒಂದು ಮಾತಿಲ್ಲ ಅವಳಿಗೆ. ಮಗ ಮಳೇಲಿ ನಿಂತಿದಾನೆ, ಅವಳು ಈಜೋಕೆ ಹೋಗಿದಾಳೆ!"

ಬ್ರಿಸೇಯ್ದಾಗೆ ನಗು ಬಂತು, ನಗಲಿಲ್ಲ.

"ನಾಳಿದ್ದು ನಾನು ತೊಲೂಕಾಗೆ ಹೋಗ್ತೀನಿ. ಅಲ್ಲಿ ಮೆಟ್ಟಿಲಿಲ್ಲ, ಕೆಳಗಿನದೇ ರೂಮು. ನಂಗೆ ಬಾಯಿಗೆ ಅನ್ನ ಇಡೋಕೆ ಬರುತ್ತೆ. ಒಂದು ಸಲ ಇಟ್ಟೇ ಬೆಳೆಸಿದೀನಿ."

ಬೇಡ ಎಂದು ಬ್ರಿಸೇಯ್ದಾ ಜಗಳವಾಡಿದಳು, ಅತ್ತಳು, ಕೆಲಸ ಬಿಡುತ್ತೇನೆ ಎಂದು ಹೆದರಿಸಿದಳು. ಮುದುಕಿ ಎರಡು ಅಂಗಿ, ಜಪಮಣಿ, ಚಪ್ಪಲಿ, ಕಾಳು ಬೇಯಿಸುವ ತನ್ನ ಮಣ್ಣಿನ ಮಡಕೆ ಕಟ್ಟಿಕೊಂಡಳು. ಮಡಕೆಗೆ ಕೂಕಾ ಹಳೆಯ ಟವೆಲು ಸುತ್ತಿಕೊಟ್ಟಳು. ಬಸ್ ನಿಲ್ದಾಣದಲ್ಲಿ ದಾರಿಗೆಂದು ಅರೆದ ಕಾಳು ಸವರಿದ ಬ್ರೆಡ್ಡು ಕೊಟ್ಟು, ಕಿಟಕಿ ಪಕ್ಕದ ಸೀಟು ಕೇಳಿ ಕೂರಿಸಿದಳು.

"ಮೆಣಸಿನಕಾಯಿ ಬಿಡಿಸಿದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡ," ಎಂದಳು ಅತ್ತೆ.

"ಇಲ್ಲ ಅತ್ತೆ. ಸ್ವೆಟರ್ ಹಾಕ್ಕೊಳ್ಳಿ, ಅಲ್ಲಿ ಚಳಿ."

ಬಸ್ಸು ಹೊರಟಿತು. ಕೂಕಾ ಕೈ ಬೀಸಿ, ಮೆಟ್ರೊ ಹಿಡಿದು ಬಂದು, ಅನ್ನಕ್ಕಿಟ್ಟಳು.

ಮಧ್ಯಾಹ್ನದ ಕೆಲಸ ಹೇಗೋ ನಡೆಯಿತು. ಬಂದವರೆಲ್ಲ ದೊನ್ಯಾ ಎರ್ಮೆಲಿಂದಾ ಎಲ್ಲಿ ಎಂದು ಕೇಳಿದರು, ಅವಳು ಮಗನ ಹತ್ತಿರ ಎಂದಳು. ಆ ವಾರದ ಕೊನೆಗೆ ದೊನ್ ಎಲೀಸೆಯೊ ಕಾಳು ತಿನ್ನುತ್ತ ಕಟಕ್ಕನೆ ಕಲ್ಲು ಕಡಿದ. ದವಡೆ ಹಿಡಿದುಕೊಂಡು, "ಇಷ್ಟು ವರ್ಷದಲ್ಲಿ ಇದೇ ಮೊದಲು ತಾಯಿ," ಎಂದ. ಕೂಕಾ ಕ್ಷಮಿಸಿ ಎಂದಳು. ಕಾಳು ಆರಿಸುವ ಕೆಲಸವೂ ಇದೆ ಎಂಬುದೇ ಅವಳಿಗೆ ಮರೆತಿತ್ತು. ಸಂಜೆ ಕಾಳಿನ ಮೊರ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕಣ್ಣು ಹರಿಸಿದರೂ ಕಲ್ಲು ಯಾವುದು ಕಾಳು ಯಾವುದು ಕಾಣಲಿಲ್ಲ.

ಎಂಟಾಯಿತು. ಮೇಜು ಒರೆಸಿ ಕಾಫಿ ತಂದಿಟ್ಟ ಮೇಲೆ ನೋಡಿದರೆ ಎರಡು ಲೋಟ. ಒಂದನ್ನು ಒಳಗೆ ಒಯ್ಯಲು ಎತ್ತಿಕೊಂಡಳು, ಅಷ್ಟರಲ್ಲಿ ಫೋನ್ ಬಂತು.

"ಕೂಕಾ? ಹೊಸ ಧಾರಾವಾಹಿ ಶುರುವಾಯ್ತಾ?"

"ಈಗ ಆಗ್ತಿದೆ ಅತ್ತೆ. ಅವರು ಹೇಗಿದಾರೆ?"

"ಉಂಡು ಮಲಗಿದಾನೆ. ಗಂಜಿ ಗಲ್ಲದ ಮೇಲೆ ಸುರ್ಕೊಂಡ, ಚಿಕ್ಕವನಿದ್ದಾಗಲೂ ಹಾಗೇ. ಅವನ ಮಾತು ಬಿಡು. ಇಲ್ಲಿ ಟೀವಿ ಇದೆ, ಆ ಚಾನೆಲ್ಲೇ ಬರಲ್ಲ, ಸೊಳ್ಳೆ ಹಾರಿದ ಹಾಗೆ ಬರೀ ಚುಕ್ಕೆ ಕಾಣುತ್ತೆ. ನೀನು ನೋಡ್ತಾ ಹೇಳು."

"ನಂಗೆ ಹೇಳೋಕೆ ಬರಲ್ಲ ಅತ್ತೆ."

"ಕಣ್ಣಿಗೆ ಕಂಡಿದ್ದು ಹೇಳೋಕೆ ಏನು ಬರಬೇಕು? ಹೇಳು, ಏನು ಕಾಣುತ್ತೆ?"

ಕೂಕಾ ಕುಳಿತಳು. "ಒಂದು ದೊಡ್ಡ ಮನೆ."

"ಮೆಟ್ಟಿಲಿದೆಯಾ?"

"ಇದೆ."

"ಸದ್ಯ. ಯಾರಾದ್ರೂ ಇಳಿದು ಬರ್ತಿದಾರಾ?"

"ಒಬ್ಬ ಮುದುಕಿ. ಕಪ್ಪು ಬಟ್ಟೆ, ಕೈಯಲ್ಲಿ ಬೆತ್ತ."

"ಆಹಾ! ಅತ್ತೆ ತಾನೇ?"

"ಅತ್ತೆ."

"ಕೆಟ್ಟವಳಾ?"

ಕೂಕಾ ಟೀವಿ ನೋಡಿದಳು. ಮುದುಕಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು, ಮೊಣಕಾಲು ನೋಯುವವರ ಹಾಗೆ ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡು. ಎದುರಿನ ಕುರ್ಚಿಯ ಮೇಲೆ ಅತ್ತೆ ಬಿಟ್ಟುಹೋದ ಬೂದು ಶಾಲು ಮಡಿಸಿಟ್ಟಂತೆಯೇ ಇತ್ತು. ಕೂಕಾಗೆ ಅಳು ಬಂತು, ರೊಸೆಂದೊ ಹೋದಾಗ ಬಾರದ್ದು, ಅವನಿಗೆ ಲಕ್ವ ಹೊಡೆದಾಗ ಬಾರದ್ದು.

"ಕೂಕಾ? ಲೈನಲ್ಲಿದೀಯೇನೇ? ಕೆಟ್ಟವಳಾ ಅಂತ ಕೇಳಿದೆ."

"ಅಲ್ಲ ಅತ್ತೆ," ಎಂದಳು. "ಅಲ್ಲ." ಆಮೇಲೆ ಬರೀ ಬಿಕ್ಕು ಹೊರಟಿತು.

ಆ ಕಡೆ ಎರ್ಮೆಲಿಂದಾಳೂ ಮೂಗೆಳೆದ ಸದ್ದು ಕೇಳಿಸಿತು.

"ಮೊದಲನೇ ಕಂತಿಗೇ ಯಾರಾದ್ರೂ ಅಳ್ತಾರೇನೇ ಹುಚ್ಚಿ? ಇನ್ನೂ ಏನೂ ಆಗೇ ಇಲ್ಲ. ಕಣ್ಣೊರೆಸ್ಕೋ. ಮೆಣಸಿನಕಾಯಿ ಕೈ ಅಲ್ಲ ತಾನೇ?"

"ಅಲ್ಲ."

"ಹೇಳು ಹಾಗಾದ್ರೆ. ಆಮೇಲೆ ಏನಾಯ್ತು? ಆ ಮುದುಕಿ ಕೆಳಗೆ ಬಂದ್ಲಾ?"

"ಬರ್ತಿದಾಳೆ ಅತ್ತೆ," ಎಂದಳು ಕೂಕಾ, ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತ. ಎರಡನೆಯ ಲೋಟವನ್ನು ಒಳಗೆ ಒಯ್ಯದೆ ಎದುರಿನ ಕುರ್ಚಿಯ ಮುಂದೆ ಇಟ್ಟಳು. "ಮೆಲ್ಲಗೆ ಬರ್ತಿದಾಳೆ."